ಸಿಂಕ್ ಪಕ್ಕದ ಗೋಡೆಗೂ ಒಂದು ಪಟ್ಟಿ ಬೇಕಾ?

ಬೇಕು. ಎಲ್ಲಾ ಮನೆಗೂ ಅಂತಲ್ಲ, ಆದರೆ ಬಿಂಡಿಗನವಿಲೆಯಲ್ಲಿ ಈಗ ಕಟ್ತಾ ಇರೋ ನಮ್ಮ ದೊಡ್ಡಪ್ಪನ ಮನೆಗೆ ಬೇಕೇ ಬೇಕು. ಒಂದು ತಿಂಗಳಿಂದ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಇದನ್ನೇ ಹೇಳಿ ಹೇಳಿ ಸಾಕಾಗಿ ಈಗ ಇಲ್ಲಿ ಬರೀತಿದ್ದೀನಿ. ಮೆಕ್ಯಾನಿಕಲ್ ಓದೋರಿಗೆ ಗೋಡೆ ಉಸಾಬರಿ ಯಾಕೆ ಅಂತ ಸಿವಿಲ್ ಬ್ರಾಂಚಿನವರು ಕೇಳಬಹುದು. ನೀರು ಎಲ್ಲಿಗೆ ಹೋಗುತ್ತೆ ಅನ್ನೋದು ನಮ್ಮ ಸಬ್ಜೆಕ್ಟೂ ಹೌದು ಸ್ವಾಮಿ.

ಮೊದಲು ವಿಷಯ ಏನು ಅಂತ ಹೇಳ್ತೀನಿ. ಗ್ರಾನೈಟ್ ಕಲ್ಲಿನ ಮೇಲೆ ವಾಶ್ ಬೇಸಿನ್ ಕೂರಿಸಿ, ಕೆಳಗೆ ಕಬೋರ್ಡ್ ಮಾಡಿಸಿದರೆ ಅದಕ್ಕೆ ವ್ಯಾನಿಟಿ ಅಂತಾರೆ. ಕಲ್ಲು ಹಿಂದಿನ ಗೋಡೆಗೆ ಸೇರೋ ಕಡೆ ಸಾಮಾನ್ಯವಾಗಿ 4 ಇಂಚು ಎತ್ತರಕ್ಕೆ ಅದೇ ಕಲ್ಲಿನ ಪಟ್ಟಿ ನಿಲ್ಲಿಸ್ತಾರೆ. ಅದು ಬ್ಯಾಕ್‌ಸ್ಪ್ಲ್ಯಾಶ್. ವ್ಯಾನಿಟಿ ಮೂಲೆಯಲ್ಲಿದ್ದರೆ ಪಕ್ಕದ ಗೋಡೆಗೂ ಅಂಥದ್ದೇ ಪಟ್ಟಿ ಹಾಕಬಹುದು, ಅದು ಸೈಡ್‌ಸ್ಪ್ಲ್ಯಾಶ್. ನಮ್ಮ ಮೇಸ್ತ್ರಿಗೆ ಎರಡೂ ಬರೀ 'ಪಟ್ಟಿ'. ಹಿಂದಿನದಕ್ಕೆ ಯಾರದೂ ತಕರಾರಿಲ್ಲ. ಪಕ್ಕದ್ದು ಬೇಡ ಅಂತ ನಮ್ಮ ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣ, ಹಠ ಹಿಡಿದಿದ್ದಾನೆ. ಪಟ್ಟಿ ಬಂದರೆ ಮೂಲೆ ಕಿಕ್ಕಿರಿದಂಗೆ ಕಾಣುತ್ತಂತೆ. ಪ್ರೂಫ್‌ಗೆ ಪಿಂಟರೆಸ್ಟ್‌ನಿಂದ ಇಪ್ಪತ್ತು ಫೋಟೋ ಕಳಿಸಿದ್ದಾನೆ.

ಆ ಫೋಟೋಗಳನ್ನ ನಾನೂ ನೋಡಿದೆ. ಚೆನ್ನಾಗೇ ಇವೆ. ಆದರೆ ಅರ್ಧಕ್ಕೆ ಅರ್ಧ ಫೋಟೋದಲ್ಲಿ ವ್ಯಾನಿಟಿ ಗೋಡೆ ಮಧ್ಯದಲ್ಲಿದೆ, ಪಕ್ಕದ ಗೋಡೆ ಮಾರು ದೂರ. ಇನ್ನರ್ಧದಲ್ಲಿ ಯಾರೂ ಇನ್ನೂ ಕೈ ತೊಳೆದಿಲ್ಲ.

ನಮ್ಮ ಕಡೆ ಸಿಂಕ್ ಬಳಸೋ ರೀತಿಯೇ ಬೇರೆ. ಬೇರೆ ದೇಶದ ವ್ಯಾನಿಟಿ ಬಾತ್‌ರೂಮಿನ ಒಳಗಿರುತ್ತೆ, ಒಬ್ಬರು ಇಬ್ಬರು ಹಲ್ಲುಜ್ಜಿ ಹೋಗ್ತಾರೆ. ನಮ್ಮಲ್ಲಿ ಊಟದ ಹಾಲಿನ ಮೂಲೆಯಲ್ಲಿರುತ್ತೆ. ಮುದ್ದೆ ಉಂಡ ಕೈಯನ್ನ ಉಜ್ಜಿ ತೊಳೀಬೇಕು, ಬಾಯಿ ಮುಕ್ಕಳಿಸಬೇಕು, ತೊಳೆದ ಕೈಯನ್ನ ಒಂದ್ಸಲ ಝಾಡಿಸಬೇಕು. ಅದರಲ್ಲೂ ಬೀಗರೂಟದ ದಿನ ನೋಡಬೇಕು! ಬಾಡೂಟ ಮುಗಿಸಿದ ಐವತ್ತು ಜನ ಸಾಲಾಗಿ ಬಂದು ಅದೇ ಒಂದು ಸಿಂಕಿಗೆ ಬೀಳ್ತಾರೆ. ಎಣ್ಣೆ, ಅರಿಶಿನ ಎಲ್ಲ ಗೋಡೆಗೆ. ನಂಬಿಕೆ ಬರದಿದ್ದರೆ ನಮ್ಮ ಹಾಸ್ಟೆಲ್ ಮೆಸ್ಸಲ್ಲಿ ಕೊನೇ ನಲ್ಲಿ ಪಕ್ಕದ ಗೋಡೆ ನೋಡಿ ಬನ್ನಿ.

ಹೋದ ಸಲ ಊರಿಗೆ ಹೋದಾಗ ಹಳೇ ಮನೆ ಸಿಂಕ್ ಪಕ್ಕದ ಗೋಡೆಗೆ ನ್ಯೂಸ್‌ಪೇಪರ್ ಅಂಟಿಸಿದ್ದೆ. ಮಧ್ಯಾಹ್ನದ ಊಟಕ್ಕೆ ಎಂಟೇ ಜನ. ಊಟ ಆದ್ಮೇಲೆ ಹೋಗಿ ನೋಡಿದರೆ ಕೆಳಗಿನ ಒಂದು ಗೇಣು ಪೂರ್ತಿ ಒದ್ದೆ, ಅದರ ಮೇಲೆ ಒಂದಡಿವರೆಗೂ ಬಿಡಿ ಬಿಡಿ ಹನಿ. ಅಣ್ಣ ಇದನ್ನ 'ಲ್ಯಾಬ್ ಎಕ್ಸ್‌ಪೆರಿಮೆಂಟ್' ಅಂತ ನಕ್ಕ. ಇರಲಿ, ರೀಡಿಂಗ್ ರೀಡಿಂಗೇ.

ಮೇಲಿನ ಹನಿ ಒರೆಸಿದರೆ ಹೋಗುತ್ತೆ. ನನಗೆ ಚಿಂತೆ ಇರೋದು ಕಲ್ಲೂ ಗೋಡೆಯೂ ಸೇರೋ ಸಂದಿಯಲ್ಲಿ ನಿಲ್ಲೋ ನೀರಿನದು. ಫಸ್ಟ್ ಇಯರಲ್ಲಿ ಓದಿದ ಕ್ಯಾಪಿಲರಿ ರೈಸ್ ನೆನಪಿದೆಯಾ? ರಂಧ್ರದ ತ್ರಿಜ್ಯ 0.1 ಮಿ.ಮೀ. ಆದರೆ ನೀರು ಸುಮಾರು 15 ಸೆಂ.ಮೀ. ಏರುತ್ತೆ. 0.01 ಮಿ.ಮೀ. ಆದರೆ ಲೆಕ್ಕದ ಪ್ರಕಾರ ಒಂದೂವರೆ ಮೀಟರ್. ನಿಜವಾದ ಗೋಡೆಯಲ್ಲಿ ನೀರು ಆರ್ತಾನೂ ಇರುತ್ತೆ, ಅಷ್ಟೆಲ್ಲ ಏರಲ್ಲ, ಒಪ್ತೀನಿ. ಆದರೆ ಪ್ಲಾಸ್ಟರ್ ತುಂಬಾ ಇಂಥ ಸಣ್ಣ ರಂಧ್ರಗಳೇ. ದಿನಕ್ಕೆ ಹತ್ತು ಸಲ ಸಂದಿಯಲ್ಲಿ ನೀರು ನಿಂತರೆ ಗೋಡೆ ಬತ್ತಿ ಥರ ಹೀರ್ತಾ ಹೋಗುತ್ತೆ. ಆಮೇಲೆ ನೀರು ಆರಿ ಉಪ್ಪು ಹೊರಗೆ ಬಂದು ಪುಟ್ಟಿ ಉಬ್ಬುತ್ತೆ, ಪೇಂಟ್ ಹಪ್ಪಳದ ಹಾಗೆ ಏಳುತ್ತೆ. ನಮ್ಮೂರಿನ ಗಡಸು ಬೋರ್‌ವೆಲ್ ನೀರಿಗೆ ಇನ್ನೂ ಜೋರು. ಈಗ ಫ್ಯಾಶನ್ ಆಗಿರೋ ಜಿಪ್ಸಂ ಪ್ಲಾಸ್ಟರ್ ಆದರಂತೂ ಒಂದು ಲೀಟರ್ ನೀರಿಗೆ 2 ಗ್ರಾಂಗಿಂತ ಸ್ವಲ್ಪ ಜಾಸ್ತಿ ಕರಗೇ ಹೋಗುತ್ತೆ.

ಆ ಪಕ್ಕದ ಗೋಡೆ ಬರೀ 4 ಇಂಚಿನ ಬ್ಲಾಕ್ ಗೋಡೆ. ಅದರ ಆ ಕಡೆ ಅಜ್ಜಿಯ ರೂಮು, ಗೋಡೆಗೆ ಒತ್ತಿಕೊಂಡೇ ಅವರ ಮಂಚ ಬರುತ್ತೆ. ಅಜ್ಜಿಗೆ ಮಳೆಗಾಲ ಬಂತೂಂದ್ರೆ ಉಬ್ಬಸ. ತಲೆದಿಂಬಿನ ಪಕ್ಕ ಗೋಡೆ ತಣ್ಣಗೆ ಒದ್ದೆಯಾಗಿ ಬೂಷ್ಟು ಹಿಡಿದರೆ ಮೂಲೆ ಎಷ್ಟು ಓಪನ್ ಆಗಿ ಕಂಡರೂ ಏನು ಪ್ರಯೋಜನ? ಗ್ರೂಪಲ್ಲಿ ಎಲ್ಲರೂ ಸಿಂಕ್ ಕಡೆಯಿಂದ ಮಾತ್ರ ಆ ಗೋಡೆ ನೋಡ್ತಿದ್ದಾರೆ.

ಇದೇನೂ ಫಾರಿನ್ ಐಡಿಯಾ ಅಲ್ಲ. ಹಳೇ ಮನೆಗಳಲ್ಲಿ ಗೋಡೆಗೆ ಸುಣ್ಣ ಬಳಿದರೂ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೀತಿದ್ದರಲ್ಲ, ಕಾರಣೆ ಅಂತ. ಅದು ಅಂದಕ್ಕೆ ನಿಜ, ಜೊತೆಗೆ ಮಳೆನೀರು ನೆಲಕ್ಕೆ ಬಿದ್ದು ಸಿಡಿಯೋ ಕೆಸರೂ ಅದರಲ್ಲಿ ಎದ್ದು ಕಾಣ್ತಿರಲಿಲ್ಲ. ಬಚ್ಚಲಲ್ಲಂತೂ ಕಲ್ಲುಚಪ್ಪಡಿ ನಿಲ್ಲಿಸಿ ನೀರನ್ನ ಹಿತ್ತಲ ಬಾಳೆ ಬುಡಕ್ಕೆ ಬಿಡ್ತಿದ್ದರು. ನೀರು ಬೀಳೋ ಕಡೆ ಕಲ್ಲು ಇಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಂತ ಎಲ್ಲಾ ಕಡೆ ಪಟ್ಟಿ ಅಂತ ಕೂಗೋನೂ ನಾನಲ್ಲ. ಬಾತ್‌ರೂಮ್ ಒಳಗೆ ಗೋಡೆಗೆ ಬಾಗಿಲೆತ್ತರ ಟೈಲ್ಸ್ ಹಾಕಿದ್ದರೆ ಸೈಡ್‌ಸ್ಪ್ಲ್ಯಾಶ್ ಸುಮ್ಮನೆ ಖರ್ಚು, ಸಂದಿಗೆ ಸಿಲಿಕೋನ್ ಹಾಕಿದರೆ ಸಾಕು. ಬೇಸಿನ್ ಅಂಚಿನಿಂದ ಗೋಡೆ ಒಂದೂವರೆ ಅಡಿಗಿಂತ ದೂರ ಇದ್ದರೂ ಬೇಡ ಅನ್ನೋದು ನನ್ನ ಅಂದಾಜು. ದೊಡ್ಡಪ್ಪನ ಮನೆಯಲ್ಲಿ ಅದು 7 ಇಂಚು. ಇಷ್ಟು ಹತ್ತಿರ ಇದ್ದರೆ 4 ಇಂಚಿನ ಪಟ್ಟಿಯೂ ಸಂದಿಯನ್ನ ಮಾತ್ರ ಕಾಯುತ್ತೆ, ಮೇಲಿನ ಹನಿಗೆ ಒಂದು ಸಾಲು ಟೈಲ್ಸ್ ಹಾಕಿದರೆ ಇನ್ನೂ ಒಳ್ಳೇದು. ಆದರೆ ಅದನ್ನ ಈಗಲೇ ಹೇಳಿದರೆ ಅಣ್ಣ ಗ್ರೂಪಿಂದ ನನ್ನನ್ನ ತೆಗೆದೇ ಬಿಡ್ತಾನೆ.

ಖರ್ಚಿನ ಮಾತು ಬಂತು. ಕಲ್ಲಿನ ಅಗಲ 21 ಇಂಚು, ಪಟ್ಟಿ ಎತ್ತರ 4 ಇಂಚು. ಅಂದ್ರೆ 84 ಚದರ ಇಂಚು, ಮುಕ್ಕಾಲು ಚದರಡಿಯೂ ಇಲ್ಲ. ಅಡುಗೆಮನೆ ಕಟ್ಟೆಗೆ ಕತ್ತರಿಸಿ ಉಳಿಯೋ ತುಂಡಲ್ಲೇ ಆಗುತ್ತೆ. ಇನ್ನೊಂದು ಲಾಭ: ನಮ್ಮ ಮೂಲೆ ಸರಿಯಾಗಿ 90 ಡಿಗ್ರಿ ಇಲ್ಲ. ಮೇಸ್ತ್ರಿ ಮೂಲೆಮಟ್ಟ ಇಟ್ಟು ನೋಡಿ ತಲೆ ಕೆರೆದುಕೊಂಡರು. ಕಲ್ಲು ಕೂತಾಗ ಒಂದು ಕಡೆ ಬೆರಳು ಹೋಗುವಷ್ಟು ಸಂದಿ ಬರುತ್ತೆ, ಪಟ್ಟಿ ಅದನ್ನ ಮುಚ್ಚುತ್ತೆ. ಆದರೆ ಬರೀ ಬಿಳಿ ಸಿಮೆಂಟ್ ತುಂಬಿ ಬಿಡಬಾರದು. ಅದು ಬಿರುಕು ಬಿಟ್ಟರೆ ನೀರು ಪಟ್ಟಿ ಹಿಂದೆ ಸೇರಿ ಹೊರಗೆ ಬರೋಕೆ ದಾರಿ ಇಲ್ಲದೆ ಅಲ್ಲೇ ಕೂರುತ್ತೆ, ಪಟ್ಟಿ ಇಲ್ಲದಿರೋದೇ ವಾಸಿ ಅನ್ನೋ ಹಾಗಾಗುತ್ತೆ. ಕಲ್ಲೂ ಪಟ್ಟಿಯೂ ಸೇರೋ ಕಡೆ ಸಿಲಿಕೋನ್ ಬೇಕು, ಕಲ್ಲಿಗೆ ಬೇಸಿನ್ ಕಡೆಗೆ ಕೂದಲೆಳೆಯಷ್ಟು ಇಳಿಜಾರು ಬೇಕು.

ಬರೋ ವಾರ ಗ್ರಾನೈಟ್ ಕಟಿಂಗ್. ಮೇಸ್ತ್ರಿ ನನ್ನ ಕಡೆ, ದೊಡ್ಡಮ್ಮ ನನ್ನ ಕಡೆ. ದೊಡ್ಡಪ್ಪ ಇನ್ನೂ ಬಾಯಿ ಬಿಟ್ಟಿಲ್ಲ. ಅಜ್ಜಿಯನ್ನ ಯಾರೂ ಕೇಳೇ ಇಲ್ಲ, ಅವರ ಹತ್ರ ವಾಟ್ಸಾಪ್ ಇಲ್ಲ. ಶನಿವಾರ ಊರಿಗೆ ಹೋಗ್ತಿದ್ದೀನಿ, ಮೊದಲು ಅವರನ್ನ ಕರ್ಕೊಂಡು ಹೋಗಿ ಗೋಡೆಯ ಎರಡೂ ಕಡೆ ತೋರಿಸ್ತೀನಿ.