ಗೃಹಸ್ಥರ ಕೈಕೆಲಸ: ಕೊಟ್ಟಿಗೆಯೊಳಗಿನ ಯೆಜ್ದಿ

ಶಿಗ್ಗಾಂವಿಯಿಂದ ವಾಚಕ ಮಹಾಶಯರೊಬ್ಬರು ಕಳೆದ ತಿಂಗಳು ನಮಗೊಂದು ದೀರ್ಘ ಪತ್ರವನ್ನು ಬರೆದಿರುವರು. ಅವರ ತೀರ್ಥರೂಪರು ಕೊಂಡಿದ್ದ ಯೆಜ್ದಿ ಮೋಟಾರು ಸಾಯಕಲ್ಲು ಹತ್ತು ವರ್ಷಗಳಿಂದ ದನದ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳ ನಡುವೆ ನಿಂತಿರುವದಂತೆ. ಕಾಲೇಜಿಗೆ ಹೋಗುವ ಮಗನು ಈಗ ಅದನ್ನು ಹೊರಗೆಳೆದು, ತಾನೇ ಬಿಚ್ಚಿ, ಸಾಯಲೆನ್ಸರನ್ನು ಕೊಯ್ದು, ಪಂದ್ಯದ ಗಾಡಿಯನ್ನಾಗಿ ಮಾಡುವೆನೆಂದು ಹಟ ತೊಟ್ಟಿರುವನು. ಹುಡುಗನ ಕೈಗೆ ಪಾನಾ ಕೊಡಬೇಕೋ, ಗಾಡಿಯನ್ನು ಗುಜರಿಯವನಿಗೆ ಕೊಡಬೇಕೋ ತಿಳಿಸಬೇಕೆಂದು ಅವರ ವಿಜ್ಞಾಪನೆ.

ಪಾನಾ ಕೊಡಿರಿ ಎಂಬುದೇ ನಮ್ಮ ಉತ್ತರ. ಕರಗಸವನ್ನು ಮಾತ್ರ ಮುಚ್ಚಿಡಿರಿ.

ಈ ವಿಷಯದಲ್ಲಿ ಮಾತನಾಡಲು ನಮಗೆ ಇರುವ ಅಧಿಕಾರವು ಇಷ್ಟೇ. ೧೯೮೯ರಲ್ಲಿ ಹಿರೇಕೆರೂರು ತಾಲೂಕಿನ ಶಾಲೆಗೆ ಸಂಸ್ಕೃತದ ಮಾಸ್ತರರಾಗಿ ಸೇರಿದಾಗ ಹುಬ್ಬಳ್ಳಿಯಲ್ಲಿ ಒಂದು ಹಳೆಯ ಯೆಜ್ದಿಯನ್ನು ಕೊಂಡೆವು. ಮನೆಯು ಹಾನಗಲ್ಲಿನಲ್ಲಿ, ನೌಕರಿಯು ಮೊದಲು ಹಿರೇಕೆರೂರು, ಆಮೇಲೆ ಶಿಗ್ಗಾಂವಿ, ಕೊನೆಗೆ ಸವಣೂರು. ಆಗ ಇವೆಲ್ಲ ಧಾರವಾಡ ಜಿಲ್ಲೆಯ ತಾಲೂಕುಗಳು. ಹಾವೇರಿ ಜಿಲ್ಲೆಯಾದದ್ದು ೧೯೯೭ರಲ್ಲಿ. ಪಗಾರವು ಮೇಸ್ತ್ರಿಗೆ ಕೊಡುವಷ್ಟು ಇರಲಿಲ್ಲವಾದ್ದರಿಂದ ಶಬ್ದರೂಪಗಳನ್ನು ಕಲಿತಂತೆ ಯಂತ್ರದ ಅಂಗಾಂಗಗಳನ್ನೂ ಕಲಿಯಬೇಕಾಯಿತು. ವ್ಯಾಕರಣದಲ್ಲಿ ತಪ್ಪಿದರೆ ಗುರುಗಳು ಬಯ್ಯುತ್ತಿದ್ದರು. ಇಲ್ಲಿ ತಪ್ಪಿದರೆ ನಾಲ್ಕು ಹರದಾರಿ ಗಾಡಿಯನ್ನು ನೂಕಬೇಕಾಗುತ್ತಿತ್ತು.

ಯೆಜ್ದಿಯು ನಮ್ಮ ನಾಡಿನದೇ ಯಂತ್ರವೆಂಬುದನ್ನು ಇಂದಿನ ಹುಡುಗರು ಅರಿಯರು. ಜೆಕ್ ದೇಶದ ಜಾವಾ ಕಂಪನಿಯ ಪರವಾನಿಗೆಯಿಂದ ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಕಾರಖಾನೆಯು ೧೯೬೧ರಲ್ಲಿ ಗಾಡಿಗಳನ್ನು ಕಟ್ಟತೊಡಗಿತು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ದಿ ಎಂದಾಯಿತು. ಕಾರಖಾನೆಯನ್ನು ಕಟ್ಟಿದ ಇರಾಣಿ ಮನೆತನದವರ ಮೂಲಸ್ಥಾನವಾದ ಯಜ್ದ್ ನಗರದಿಂದ ಆ ಹೆಸರು ಬಂದಿತೆಂದು ಹೇಳುವರು. ೧೯೯೬ರಲ್ಲಿ ಕಾರಖಾನೆಯ ಬಾಗಿಲು ಮುಚ್ಚಿತು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ದಿ ಎಂಬ ಹೆಸರುಗಳು ಬೇರೆ ಕಂಪನಿಯ ಹೊಸ ಗಾಡಿಗಳ ಮೇಲೆ ಮತ್ತೆ ಕಂಡುಬಂದಿರುವವು. ಅವು ನಾಲ್ಕು ಹೊಡೆತದ ಯಂತ್ರಗಳು, ನಮ್ಮ ಇಂದಿನ ಮಾತಿಗೆ ಸಂಬಂಧಿಸಿದವಲ್ಲ. ನಮ್ಮ ಹಳೆಯದು ಎರಡು ಹೊಡೆತದ್ದು. ಉರುಳೆಯ ವ್ಯಾಸವು ೬೫ ಮಿಲಿಮೀಟರು, ಪಿಸ್ಟನ್ನಿನ ಓಟವು ೭೫ ಮಿಲಿಮೀಟರು. ಒಂದೇ ಉರುಳೆಗೆ ಎರಡು ಹೊಗೆಕೊಳವೆ. ಗೇರು ಹಾಕುವ ಸನ್ನೆಯನ್ನೇ ಒಳಗೊತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಒದೆಯುವ ಸನ್ನೆಯಾಗುವದು. ಗೊತ್ತಿಲ್ಲದವನು ಇದನ್ನು ಕಂಡು, ಒದೆಯುವದೆಲ್ಲಿ ಎಂದು ಗಾಡಿಯ ಸುತ್ತಲೂ ಪ್ರದಕ್ಷಿಣೆ ಹಾಕುವನು.

ಇನ್ನು ಕೆಲಸಕ್ಕೆ ಬರೋಣ. ಹತ್ತು ವರ್ಷ ನಿಂತ ಗಾಡಿಯನ್ನು ಮೊದಲ ದಿವಸವೇ ಒದೆಯಬಾರದು. ಉರುಳೆಯ ಒಳಗೋಡೆಗೆ ತುಕ್ಕು ಹಿಡಿದಿರುವದು. ಒದೆದರೆ ಪಿಸ್ಟನ್ನಿನ ಬಳೆಗಳು ಮುರಿಯುವ ಸಂಭವವುಂಟು. ಪ್ಲಗ್ಗನ್ನು ಬಿಚ್ಚಿ, ರಂಧ್ರದಲ್ಲಿ ಅರ್ಧ ಚಮಚೆ ಎಣ್ಣೆಯನ್ನು ಹೊಯ್ದು, ಒಂದು ರಾತ್ರಿ ಬಿಟ್ಟು, ಮರುದಿನ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಟ್ಯಾಂಕಿನೊಳಗಿನ ಹಳೆಯ ಪೆಟ್ರೋಲನ್ನು ಚೆಲ್ಲಿ, ಒಂದು ಹಿಡಿ ಸಣ್ಣ ಹರಳುಗಳನ್ನು ಹಾಕಿ ಅಲ್ಲಾಡಿಸಿದರೆ ತುಕ್ಕಿನ ಹೊಟ್ಟು ಕೆಳಗಿಳಿಯುವದು. ಹರಳುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಈ ಎಲ್ಲ ಕೆಲಸವು ಅಂಗಳದಲ್ಲಾಗತಕ್ಕದ್ದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದದ್ದು, ನೆಲದ ಮೇಲೆ ಹರಿದು ಹೋಗಿ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಿದರೆ ಆಗುವ ಅನರ್ಥವನ್ನು ವರ್ಣಿಸಬೇಕಾಗಿಲ್ಲ.

ಎರಡನೆಯದು ಎಣ್ಣೆ. ಈ ಯಂತ್ರದ ಗರ್ಭದಲ್ಲಿ ಬೇರೆ ಎಣ್ಣೆಯ ಕೊಳವಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಸಕಲ ಅವಯವಗಳನ್ನೂ ಕಾಪಾಡತಕ್ಕದ್ದು. ಲೀಟರಿಗೆ ೪೦ ಮಿಲಿಲೀಟರು. ಹೊಸ ಬಳೆ ಹಾಕಿದ್ದರೆ ೫೦. ಸಂಸ್ಕೃತದಲ್ಲಿ ಸ್ನೇಹವೆಂಬ ಒಂದೇ ಶಬ್ದಕ್ಕೆ ಎಣ್ಣೆಯೆಂದೂ ಪ್ರೀತಿಯೆಂದೂ ಅರ್ಥ. ಇದನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದೆವು, ಆದರೆ ಅದರ ಅರ್ಥವು ನಮಗೆ ಮನದಟ್ಟಾದದ್ದು ಬಂಕಾಪುರದ ಹತ್ತಿರ, ಬೆರೆಸಲು ಮರೆತು ಬರಿಯ ಪೆಟ್ರೋಲು ಹಾಕಿಸಿಕೊಂಡು ಬಂದ ದಿವಸ, ಹಿಂದಿನ ಗಾಲಿಯು ಓಡುವಾಗಲೇ ಗಕ್ಕನೆ ಕಚ್ಚಿ ನಿಂತಾಗ. ಇಂಥ ಸಮಯದಲ್ಲಿ ಕ್ಲಚ್ಚನ್ನು ಒಡನೆಯೇ ಹಿಡಿದರೆ ಬೀಳುವದು ತಪ್ಪುವದು. ಉದ್ದವಾದ ಇಳಿಜಾರಿನಲ್ಲಿ ಪೆಟ್ರೋಲನ್ನು ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುವವರಿಗೂ ಇದೇ ಗತಿ. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಿತಲ್ಲವೇ? ಆಗಾಗ ಒಂದಿಷ್ಟು ತೆರೆದು ಮುಚ್ಚುತ್ತ ಇಳಿಯಬೇಕು.

ಎಣ್ಣೆ ಉರಿದರೆ ಮಸಿ. ಗಾಡಿಯು ಏರಿನಲ್ಲಿ ಏದುತ್ತ, ಒಂದು ಹೊಡೆತ ಬಿಟ್ಟು ಒಂದು ಹೊಡೆಯುತ್ತ ಬಂದರೆ ಹೊಗೆಕೊಳವೆಯು ಕಟ್ಟಿರುವದೆಂದು ತಿಳಿಯಬೇಕು. ಸಾಯಲೆನ್ಸರಿನ ತುದಿಯ ತಿರುಪನ್ನು ಬಿಚ್ಚಿದರೆ ಒಳಗಿನ ಜಾಲರಿಯು ಹೊರಬರುವದು. ಕಾಸ್ಟಿಕ್ ಸೋಡಾದ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು ತೊಳೆದರೆ ಹೊಸದರಂತಾಗುವದು. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಪಾತ್ರೆಯು ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದೋ ಇರಲಿ. ಸೋಡಾವು ಅಲ್ಯುಮಿನಿಯಮ್ಮನ್ನು ತಿಂದು ಹಾಕುವದು. ಇದನ್ನು ನಾವು ಪುಸ್ತಕದಿಂದ ಕಲಿಯದೆ ಅಡಿಗೆಮನೆಯ ದೊಡ್ಡ ಬೋಗುಣಿಯಿಂದ ಕಲಿತೆವು. ಉರುಳೆಯ ತಲೆಯನ್ನು ತೆಗೆದಾಗ ಪಿಸ್ಟನ್ನಿನ ನೆತ್ತಿಯ ಮಸಿಯನ್ನು ಉಕ್ಕಿನ ಉಳಿಯಿಂದ ಕೆರೆಯಬಾರದು, ಚೂಪು ಮಾಡಿದ ಬಿದಿರಿನ ಸೀಳು ಸಾಕು. ತಿರುಗಿ ಕೂಡಿಸುವಾಗ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ತಲೆಯು ಸೊಟ್ಟಗಾಗುವದು. ಗೇರುಪೆಟ್ಟಿಗೆಯ ಮುಚ್ಚಳದ ಕೆಳಗಿನ ಕಾಗದದ ಪದರು ಹರಿದಿದ್ದರೆ ಪೇಟೆಗೆ ಓಡಬೇಕಾಗಿಲ್ಲ. ದಪ್ಪನೆಯ ಚಿತ್ರಕಲೆಯ ಹಾಳೆಯನ್ನು ಮುಚ್ಚಳದ ಮೇಲಿಟ್ಟು ಅಂಚಿನಗುಂಟ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಬೇಕಾದ ಆಕಾರವು ತಾನೇ ಕತ್ತರಿಸಿ ಬರುವದು.

ಕಿಡಿಯ ವಿಷಯ: ಎಡೆಬಿಡದೆ ತೆರೆದು ಮುಚ್ಚುವ ಎರಡು ಸಣ್ಣ ಲೋಹದ ತುದಿಗಳುಂಟಲ್ಲವೇ, ಅವುಗಳ ಪೂರ್ತಿ ತೆರೆದ ಅಂತರವು ೦.೪ ಮಿಲಿಮೀಟರು, ಪ್ಲಗ್ಗಿನದು ೦.೬. ಇದಕ್ಕೆ ಅಳತೆಯ ತಗಡುಗಳು ಸಿಗುವವು, ಕಣ್ಣಂದಾಜು ಬೇಡ. ಈಗ ಈ ತುದಿಗಳ ಬದಲು ಸವೆಯದ ಇಲೆಕ್ಟ್ರಾನಿಕ್ ಸಾಧನವನ್ನು ಹಾಕಿಸುವರು. ಹಳೆಯದರ ಅಭಿಮಾನಿಗಳಾದ ನಾವೂ ಇದನ್ನು ಒಪ್ಪುವೆವು. ಆರು ವೋಲ್ಟಿನ ದೀಪವನ್ನು ಹನ್ನೆರಡಕ್ಕೆ ಏರಿಸುವದನ್ನೂ ಒಪ್ಪುವೆವು. ಹಳೆಯ ದೀಪದ ಬೆಳಕಿನಲ್ಲಿ ಎದುರಿನ ಎಮ್ಮೆಯು ಕಾಣುವದಕ್ಕಿಂತ ಮೊದಲು ಅದರ ವಾಸನೆಯು ಬರುತ್ತಿತ್ತು. ಆದರೆ ಬ್ಯಾಟರಿಯೊಂದನ್ನೇ ಬದಲಿಸಿದರೆ ಬಲ್ಬು, ಕೊಂಬು, ಸುರುಳಿ ಎಲ್ಲ ಸುಟ್ಟುಹೋಗುವವು. ಡೈನಮೋದಿಂದ ಮೊದಲು ಮಾಡಿ ಎಲ್ಲವೂ ಒಟ್ಟಿಗೆ ಬದಲಾಗಬೇಕು, ಮತ್ತು ಅದನ್ನು ಬಲ್ಲ ವಿದ್ಯುತ್ ಕೆಲಸಗಾರನೇ ಮಾಡಬೇಕು.

ಪತ್ರ ಬರೆದ ಮಹಾಶಯರ ಚಿರಂಜೀವಿಗೆ ಈಗ ಎರಡು ಮಾತು. ಸಾಯಲೆನ್ಸರನ್ನು ಕೊಯ್ದರೆ ಶಬ್ದವು ಹೆಚ್ಚುವದು, ವೇಗವು ಹೆಚ್ಚದು. ಎರಡು ಹೊಡೆತದ ಯಂತ್ರದಲ್ಲಿ ಹೊಸ ಮಿಶ್ರಣವು ಒಳಗೆ ಬರುವ ಬಾಗಿಲೂ ಹೊಗೆಯು ಹೊರಗೆ ಹೋಗುವ ಬಾಗಿಲೂ ಕೆಲವು ಕ್ಷಣ ಒಟ್ಟಿಗೆ ತೆರೆದಿರುವವು. ಹೊಗೆಯ ಜೊತೆಗೆ ಓಡಿಹೋಗಲೆಳಸುವ ಹೊಸ ಮಿಶ್ರಣವನ್ನು, ಕೊಳವೆಯ ತುದಿಯಿಂದ ಮರಳಿ ಬರುವ ಒತ್ತಡದ ಅಲೆಯು ಒಳಕ್ಕೆ ನೂಕುವದು. ಕೊಳವೆಯನ್ನೇ ಕೊಯ್ದರೆ ಪೆಟ್ರೋಲು ಬೀದಿಗೆ ಹೋಗುವದು, ಯಂತ್ರವು ಬಿಸಿಯಾಗುವದು, ಏರಿನಲ್ಲಿ ಬಲ ಸಾಲದು. ಅಲ್ಲದೆ ೧೯೮೮ರ ಮೋಟಾರು ವಾಹನಗಳ ಕಾಯದೆಯ ೫೨ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿದ್ದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಹದಿನೈದು ವರ್ಷ ಮೀರಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ಹೊಸದಾಗಿ ಮಾಡಿಸತಕ್ಕದ್ದು. ಕೊಟ್ಟಿಗೆಯಿಂದ ಹೊರಗೆಳೆಯುವ ಮೊದಲು ತಂದೆಯವರು ಆ ಪತ್ರವನ್ನು ಹುಡುಕಲಿ.

ಹುಡುಗನ ಉತ್ಸಾಹವನ್ನು ನಾವು ಹಳಿಯುವದಿಲ್ಲ. ಇಂಗ್ಲಂಡದಲ್ಲಿ ಕಾಲಿನ್ ಚಾಪ್ಮನ್ ಎಂಬವರು ೧೯೫೭ರಲ್ಲಿ ಲೋಟಸ್ ಸೆವನ್ ಎಂಬ ಹಗುರಾದ ಪಂದ್ಯದ ಕಾರನ್ನು ಬಿಡಿಭಾಗಗಳ ರೂಪದಲ್ಲಿ ಮಾರತೊಡಗಿದರು. ಕಟ್ಟಿದ ಕಾರಿಗೆ ಖರೀದಿ ತೆರಿಗೆ ಇತ್ತು; ಬಿಡಿಭಾಗಗಳಿಗೆ ಇರಲಿಲ್ಲ. ಗೃಹಸ್ಥರು ತಮ್ಮ ಮನೆಯ ಗಾಡಿಖಾನೆಯಲ್ಲೇ ಅದನ್ನು ಕೂಡಿಸಿಕೊಳ್ಳುತ್ತಿದ್ದರು. ಜೋಡಣೆಯ ಸೂಚನೆಗಳನ್ನು ಜೊತೆಗೆ ಕೊಡಕೂಡದೆಂಬ ನಿಯಮವಿದ್ದುದರಿಂದ, ಬಿಚ್ಚುವ ಸೂಚನೆಗಳನ್ನು ಕೊಟ್ಟು, ಕೊನೆಯಿಂದ ಮೊದಲಿಗೆ ಓದಿಕೊಳ್ಳಿರೆಂದು ಬಿಟ್ಟರಂತೆ! ವೆಂಕಟಾಧ್ವರಿಯ ರಾಘವಯಾದವೀಯವು ನೇರವಾಗಿ ಓದಿದರೆ ರಾಮನ ಕಥೆ, ತಿರುಗಿಸಿ ಓದಿದರೆ ಕೃಷ್ಣನ ಕಥೆ. ಆ ವಿಲೋಮದ ವಿದ್ಯೆಯು ಕಾರಿನ ಕೆಲಸಕ್ಕೂ ಬಂದಿತೆಂದು ಕೇಳಿ ನಮಗೆ ಪರಮಾನಂದವಾಯಿತು. ಹುಡುಗನೂ ಹಾಗೆಯೇ ಮಾಡಲಿ. ಬಿಚ್ಚಿದ ಒಂದೊಂದನ್ನೂ ಕ್ರಮವಾಗಿ ಎಡದಿಂದ ಬಲಕ್ಕೆ ಹಳೆಯ ಧೋತರದ ಮೇಲಿಟ್ಟು, ವಹಿಯಲ್ಲಿ ಬರೆದು, ಬಲದಿಂದ ಎಡಕ್ಕೆ ಕೂಡಿಸುತ್ತ ಬರಲಿ.

ಇತ್ತೀಚಿನ ಒಂದು ತೊಂದರೆಯನ್ನು ಹೇಳಬೇಕು. ೨೦೨೩ರಿಂದ ಶೇಕಡಾ ೨೦ ಎಥೆನಾಲ್ ಬೆರೆತ ಪೆಟ್ರೋಲು ಬರತೊಡಗಿ, ೨೦೨೫ರ ಹೊತ್ತಿಗೆ ಎಲ್ಲೆಡೆಗೂ ಹಬ್ಬಿತು. ಈ ಎಥೆನಾಲು ಕಬ್ಬಿನಿಂದಲ್ಲದೆ ಗೋವಿನಜೋಳದಿಂದಲೂ ಆಗುವದು. ನಮ್ಮ ನಾಲ್ಕೂ ತಾಲೂಕುಗಳ ಹೊಲದ ತುಂಬ ನಿಂತ ಬೆಳೆಯೇ ನಮ್ಮ ಯೆಜ್ದಿಯ ಹೊಟ್ಟೆಗೆ ಬಂದಿತೆಂದು ಮೊದಲು ಸಂತೋಷಪಟ್ಟೆವು. ಆದರೆ ಆ ಹೊಟ್ಟೆಗೆ ಅದು ಸುಲಭವಾಗಿ ಜೀರ್ಣವಾಗದು. ಹಳೆಯ ರಬ್ಬರಿನ ನಳಿಗೆಯನ್ನು ಮೆತ್ತಗೆ ಮಾಡುವದು, ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುವದು. ಎಥೆನಾಲು ತನ್ನಲ್ಲಿಯೇ ಆಮ್ಲಜನಕವನ್ನು ಇಟ್ಟುಕೊಂಡಿರುವದರಿಂದ ಮಿಶ್ರಣವು ತೆಳ್ಳಗಾಗಿ ಯಂತ್ರವು ಬಿಸಿಯಾಗುವದು. ಎಥೆನಾಲನ್ನು ತಾಳುವ ನಳಿಗೆಯನ್ನು ಹಾಕಿಸಿ, ಕಾರಬ್ಯುರೇಟರಿನ ಮುಖ್ಯ ರಂಧ್ರವನ್ನು ಒಂದು ಅಳತೆ ದೊಡ್ಡದನ್ನು ಹಾಕಿ, ಮಳೆಗಾಲದಲ್ಲಿ ಗಾಡಿಯನ್ನು ನಿಲ್ಲಿಸುವದಿದ್ದರೆ ಟ್ಯಾಂಕನ್ನು ಬರಿದು ಮಾಡಿರಿ.

ಈವರೆಗೆ ಹೇಳಿದ್ದೆಲ್ಲ ತಪ್ಪಿದರೆ ಗಾಡಿಯು ನಿಲ್ಲುವದು, ಅಷ್ಟೇ. ಬ್ರೇಕಿನ ಮಾತು ಬೇರೆ. ಇದನ್ನು ಬರೆಯಲು ನಮಗೆ ಇಂದಿಗೂ ಸಂಕೋಚವಾಗುವದು. ೧೯೯೪ರ ಬೇಸಿಗೆಯಲ್ಲಿ ಮುಂಗಾಲಿಯನ್ನು ನಾವೇ ಬಿಚ್ಚಿ, ಗುಂಡುಗಳಿಗೆ ಗ್ರೀಸು ತುಂಬಿದೆವು. ಹೆಚ್ಚು ತುಂಬಿದಷ್ಟೂ ಒಳ್ಳೆಯದೆಂದು ತಿಳಿದು ಒತ್ತಿ ಒತ್ತಿ ತುಂಬಿದೆವು. ಮರುದಿನ ಮನೆಯವರನ್ನು ಹಿಂದೆ ಕೂಡಿಸಿಕೊಂಡು ಸವಣೂರಿಗೆ ಹೊರಟೆವು. ಅಲ್ಲಿಯ ದೊಡ್ಡಹುಣಸೆ ಮರಗಳನ್ನು ಅವರು ನೋಡಿರಲಿಲ್ಲ. ಬಿಸಿಲಿಗೆ ಗ್ರೀಸು ಕರಗಿ ಬ್ರೇಕಿನ ಪಟ್ಟಿಗಳ ಮೇಲೆ ಇಳಿದದ್ದು ನಮಗೆ ಗೊತ್ತಾಗಲಿಲ್ಲ. ಊರು ಸಮೀಪಿಸಿದಾಗ ಕರುವೊಂದು ಅಡ್ಡ ಬಂದಿತು. ಸನ್ನೆಯು ಹಿಡಿಕೆಯವರೆಗೂ ಬಂದಿತು, ಗಾಡಿಯು ನಿಲ್ಲಲಿಲ್ಲ. ಕರುವು ಉಳಿಯಿತು, ನಾವೂ ಉಳಿದೆವು. ಮನೆಯವರು ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಎಲುಬು ಕೂಡಿತಾದರೂ ಒದ್ದೆ ಬಟ್ಟೆಯನ್ನು ಹಿಂಡುವದು ಆ ಕೈಯಿಂದ ಇಂದಿಗೂ ಆಗದು. ಆ ದಿವಸದಿಂದ ನಮ್ಮ ಮನೆಯಲ್ಲಿ ಬಟ್ಟೆ ಹಿಂಡುವ ಕೆಲಸವು ನಮ್ಮದು.

ಆದ್ದರಿಂದ ಬ್ರೇಕಿನ ಪಟ್ಟಿಗಳನ್ನು ಮುಟ್ಟುವಾಗ ಕೈಯಲ್ಲಿ ಎಣ್ಣೆಯ ಪಸೆ ಇರಬಾರದು. ಗ್ರೀಸು ಗುಂಡುಗಳ ನಡುವಿನ ಸಂದಿಗೆ ಸಾಕಾಗುವಷ್ಟೇ. ಗಾಲಿಯ ಹೊಟ್ಟೆಯನ್ನು ತುಂಬಬಾರದು. ಅದನ್ನು ತಡೆಯುವ ಉಂಗುರವು ಹಳತಾಗಿದ್ದರೆ ಬದಲಿಸಬೇಕು. ಎಣ್ಣೆ ಕುಡಿದ ಪಟ್ಟಿಯನ್ನು ತೊಳೆದು ಒಣಗಿಸಿ ಮತ್ತೆ ಹಾಕುವ ಜುಗ್ಗತನವು ಬೇಡ, ಹೊಸದನ್ನೇ ಹಾಕಿರಿ. ತಂತಿಯ ಒಂದು ಎಳೆ ಬಿಚ್ಚಿದ್ದರೂ ತಂತಿಯನ್ನೇ ತೆಗೆದುಹಾಕಿರಿ. ಕೆಲಸವೆಲ್ಲ ಮುಗಿದ ಮೇಲೆ ಬಲ್ಲವನೊಬ್ಬನಿಗೆ ತೋರಿಸಿ, ಬರಿದಾದ ಮೈದಾನದಲ್ಲಿ ಒಬ್ಬರೇ ಓಡಿಸಿ ನೋಡಿ, ಆಮೇಲೆ ಹಿಂದೆ ಒಬ್ಬರನ್ನು ಕೂಡಿಸಿಕೊಳ್ಳಿರಿ.

ನಮ್ಮ ಯೆಜ್ದಿಯು ಈಗಲೂ ಇರುವದು. ಕಳೆದ ರವಿವಾರ ಪೆಟ್ರೋಲಿನ ನಲ್ಲಿಯ ಬೂಚು ತೊಟ್ಟಿಕ್ಕುತ್ತಿದ್ದುದರಿಂದ ಅದನ್ನು ಬದಲಿಸಿ, ಜೊತೆಗೆ ಮುಂಗಾಲಿಯನ್ನೂ ತೆಗೆದು ಒರೆಸಿ ಹಾಕಿದೆವು. ಗಾಡಿಯ ಕೀಲಿಯು ಮನೆಯವರ ಸೆರಗಿನ ಗಂಟಿನಲ್ಲಿರುವದು. ಗಾಲಿಯನ್ನು ಬಿಚ್ಚಿದ ದಿವಸ ಅವರು ಜಗುಲಿಯಿಂದ ಇಳಿದು ಬಂದು, ಎಡಗೈಯಿಂದ ಸನ್ನೆಯನ್ನು ಹಿಡಿದು, ನಮಗೆ ಗಾಡಿಯನ್ನು ನೂಕಲು ಹೇಳುವರು. ಅದು ಕದಲದಿದ್ದರೆ ಮಾತ್ರ ಗಂಟು ಬಿಚ್ಚುವದು. ಕಳೆದ ರವಿವಾರ ಅದು ಎರಡು ಬೆರಳು ಕದಲಿತು. ತಂತಿಯನ್ನು ಇನ್ನೊಂದು ಸುತ್ತು ಬಿಗಿಯುವಷ್ಟರಲ್ಲಿ ಊಟದ ಹೊತ್ತಾಯಿತು.

ಸರಪಣಿಯ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.