ಕೆರೆದಷ್ಟೂ ಹೆಚ್ಚೋ ಕಳೆ

ಉಪ್ಪುನೀರಿನ ಹವಳದ ತೊಟ್ಟಿ ಇಟ್ಟಿರೋ ರೈತಮಿತ್ರರೇ, ಐಪ್ಟೇಸಿಯಾ ಕಂಡ ಕೂಡ್ಲೇ ಚಾಕು ತಗೊಂಡು ಕೆರೀಬೇಡಿ. ಅದು ಹೊಲದ ಜೇಕಿದ್ದ ಹಾಗೆ. ಬುಡದ ಚೂರು ಕಲ್ಲಲ್ಲಿ ಉಳಿದ್ರೂ ಮತ್ತೆ ಹುಟ್ಟುತ್ತೆ, ಪಕ್ಕದ ಹವಳವನ್ನ ಕುಟುಕಿ ಹಾಳು ಮಾಡುತ್ತೆ.

ನಾಲ್ಕೈದು ಇದ್ರೆ ಪಂಪ್ ನಿಲ್ಲಿಸಿ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದ್ರೆ ನಮ್ಮ ಸುಣ್ಣವೇ, ಗಟ್ಟಿಯಾಗಿ ಕಲಸಿ ಸಿರಿಂಜಲ್ಲಿ ಅದರ ಬಾಯಿಗೆ ಬಿಡಿ. ಒಂದೇ ದಿನ ಎಲ್ಲಕ್ಕೂ ಬೇಡ. ನೀರಿನ ಪಿಎಚ್ ಏರಿದ್ರೆ ಮೀನಿಗೇ ಕುತ್ತು. ತೊಟ್ಟಿ ತುಂಬ ಹರಡಿದ್ರೆ ಬರ್ಗಿಯಾ ಅನ್ನೋ ಚಿಪ್ಪಿಲ್ಲದ ಕಡಲಹುಳು ಬಿಡಿ. ಅದಕ್ಕೆ ಐಪ್ಟೇಸಿಯಾ ಬಿಟ್ರೆ ಬೇರೆ ಊಟ ಇಲ್ಲ.

ನನ್ನ ಕೇಳಿದ್ರೆ, ಇದಕ್ಕೆಲ್ಲ ಮೊದಲು ಮೀನಿನ ತಿಂಡಿ ಕಡಿಮೆ ಮಾಡಿ. ಮಿಕ್ಕ ತಿಂಡಿಯೇ ಆ ಕಳೆಗೆ ಗೊಬ್ಬರ. ಗೊಬ್ಬರ ನಾವೇ ಸುರಿದು ಕಳೆಯನ್ನ ಬೈದ್ರೆ ಏನು ಬಂತು?