ಬಣ್ಣ ಒಂದೇ ಇರಲಿ, ಶೇಡ್ ಹತ್ತಾಗಲಿ

ಬೆಂಗಳೂರಿನ ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಸುತ್ತಲಿನ ಛತ್ರಗಳಿಗೂ ಒಂದೇ ಬಣ್ಣದ ಮದುವೆ ಬಂದಿದೆ. ಮಂಟಪದ ಪರದೆಯಿಂದ ಹಿಡಿದು ಹೂವು, ನೆಂಟರ ಸೀರೆ, ಕುರ್ತಾವರೆಗೆ ಎಲ್ಲವೂ ಒಂದೇ ಬಣ್ಣದಲ್ಲಿರಬೇಕು. ಆಹ್ವಾನದ ಬೆನ್ನಿಗೇ ವಾಟ್ಸ್‌ಆ್ಯಪ್‌ನಲ್ಲಿ ಆ ಬಣ್ಣದ ಚಿತ್ರವೂ ಬರುತ್ತದೆ. ಫೋಟೊದಲ್ಲಿ ಇದು ಕಣ್ಣಿಗೆ ಹಬ್ಬ. ಹೀಗೆ ಆಸೆಪಡುವುದು ತಪ್ಪಲ್ಲ. ಆದರೆ ಎಲ್ಲರೂ ಅದೇ ಶೇಡ್ ಉಟ್ಟು ಬರಬೇಕೆಂಬ ಹಟ ಮಾತ್ರ ಬೇಡ.

ಆ ಹಟ ಈಡೇರುವುದೂ ಇಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಬಣ್ಣವೆಂದು ಬಂದ ಬಟ್ಟೆಯಲ್ಲೂ ಲಾಟ್‌ನಿಂದ ಲಾಟ್‌ಗೆ ಶೇಡ್ ಬದಲಾಗುತ್ತದೆ. ಅದಕ್ಕೇ ಕತ್ತರಿಸಿದ ತುಂಡುಗಳಿಗೆ ನಂಬರಿನ ಚೀಟಿ ಅಂಟಿಸುತ್ತಾರೆ. ಒಂದು ಅಂಗಿಯ ತೋಳು, ಕಾಲರ್, ಬೆನ್ನು ಹಾಸಿಟ್ಟ ಬಟ್ಟೆಯ ಒಂದೇ ಪದರದಿಂದ ಬರಬೇಕು. ಬಣ್ಣ ಹೊಂದುತ್ತದೆಯೇ ಎಂದು ನೋಡಲು ಹಗಲಿನ ಬೆಳಕನ್ನು ಹೋಲುವ ಡಿ65 ದೀಪವನ್ನೂ, ಅಂಗಡಿಗಳ ಟ್ಯೂಬ್‌ಲೈಟನ್ನು ಹೋಲುವ ದೀಪವನ್ನೂ ಬಳಸುತ್ತಾರೆ. ಒಂದರ ಕೆಳಗೆ ಹೊಂದಿದ ಎರಡು ಬಟ್ಟೆ ಇನ್ನೊಂದರ ಕೆಳಗೆ ಬೇರೆಯಾಗಿ ಕಾಣಬಹುದು. ರೇಷ್ಮೆ, ಹತ್ತಿ, ಪಾಲಿಯೆಸ್ಟರ್‌ಗಳು ಹಿಡಿಯುವ ಬಣ್ಣದ ಜಾತಿಯೇ ಬೇರೆ ಬೇರೆ. ಕಾರ್ಖಾನೆ ಇಷ್ಟೆಲ್ಲ ಎಚ್ಚರದಿಂದ ಸಾಧಿಸುವ ಹೊಂದಿಕೆಯನ್ನು ಮುನ್ನೂರು ನೆಂಟರು ಮುನ್ನೂರು ಅಂಗಡಿ ಸುತ್ತಿ ತರಲಾರರು.

ಖರ್ಚಿನ ಮಾತು ಇದಕ್ಕಿಂತ ದೊಡ್ಡದು. ಒಂದೇ ತಿಂಗಳಲ್ಲಿ ಮೂರು ಮದುವೆ ಬಂದರೆ ಮೂರು ಬಣ್ಣದ ಸೀರೆ, ಮೂರು ಬ್ಲೌಸ್‌ನ ಹೊಲಿಗೆ ಕೂಲಿ, ಮಕ್ಕಳಿಗೂ ಹೊಸ ಬಟ್ಟೆ. ದಿನವಿಡೀ ಮೆಷಿನ್ ಮುಂದೆ ಕುಳಿತು ದುಡಿಯುವ ಹೆಣ್ಣುಮಗಳು ಗೆಳತಿಯ ಮದುವೆಗೆ ಬರಲು ಸಾಲ ಮಾಡುವಂತಾಗಬಾರದು.

ಒಂದು ಬಣ್ಣ ಆರಿಸಿ, ಅದರ ಇಡೀ ಬಳಗವನ್ನೇ ಕರೆಯಿರಿ. ಹಸಿರು ಎಂದಾದರೆ ಗಿಳಿಹಸಿರು, ಪಾಚಿಹಸಿರು, ಬಾಟಲ್ ಗ್ರೀನ್ ಎಲ್ಲವೂ ಬರಲಿ. ಮಾವಿನ ತೋರಣ, ಬಾಳೆಕಂಬ, ವೀಳ್ಯದೆಲೆ, ಮದುಮಗಳ ಹಸಿರು ಬಳೆ ಮೊದಲೇ ಅಲ್ಲಿರುತ್ತವೆ. ಹಳದಿ ಎಂದಾದರೆ ಅರಿಶಿನ, ಸೇವಂತಿಗೆ, ಚೆಂಡುಹೂ ಜೊತೆಗಿವೆ. ಹೀಗೆ ಮಾಡಿದರೆ ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆಯೂ ಪೆಟ್ಟಿಗೆಯಿಂದ ಹೊರಬರುತ್ತದೆ. ಒಂದೇ ಬಣ್ಣದ ಹಲವು ಶೇಡ್ ಒಟ್ಟಿಗಿದ್ದರೆ ಫೋಟೊಗೂ ಆಳ ಬರುತ್ತದೆ.

ಮದುಮಗಳಿಗೆ ಮಾತ್ರ ಬೇರೆ ಬಣ್ಣವಿರಲಿ. ಹಲವು ಮನೆಗಳಲ್ಲಿ ಉಡುವ ಕೆಂಪಂಚಿನ ಬಿಳಿ ಧಾರೆ ಸೀರೆ ಸುತ್ತಲಿನ ಹಸಿರಿನ ನಡುವೆ ಎದ್ದು ಕಾಣುತ್ತದೆ. ಪರದೆಯ ಬಟ್ಟೆಯನ್ನು ಛತ್ರಕ್ಕೇ ಒಯ್ದು, ಅಲ್ಲಿನ ದೀಪದಲ್ಲಿ ನೋಡಿ ಒಪ್ಪಿಕೊಳ್ಳಿ. ಮುಹೂರ್ತದ ಹೊತ್ತಿಗೆ ನೇರಳೆ, ಗುಲಾಬಿ ಎಲ್‌ಇಡಿ ಬೇಡವೆಂದು ಡೆಕೊರೇಷನ್‌ನವರಿಗೆ ಮೊದಲೇ ಹೇಳಿಬಿಡಿ. ಅದು ಎಲ್ಲ ಸೀರೆಯ ಬಣ್ಣವನ್ನೂ ಕೆಡಿಸುತ್ತದೆ.

ಮದುವೆ ಮನೆಯವರಲ್ಲಿ ಒಂದು ಕೋರಿಕೆ. ಬಣ್ಣದ ಚಿತ್ರ ಕಳುಹಿಸುವಾಗ, ಮನೆಯಲ್ಲಿರುವುದನ್ನೇ ಉಟ್ಟು ಬನ್ನಿ, ಆ ಬಣ್ಣ ಇಲ್ಲದಿದ್ದರೂ ತಪ್ಪದೆ ಬನ್ನಿ ಎಂಬ ಸಾಲನ್ನೂ ಅದರ ಕೆಳಗೆ ಬರೆಯಿರಿ.